ಪಾಪಾಸುಕಳ್ಳಿ: ಕುಂಡದಲ್ಲಿ ಚೆಂದ, ಗೋಮಾಳದಲ್ಲಿ ಕಾಟ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಕೈತೋಟದ ಸುತ್ತ ಪಾಪಾಸುಕಳ್ಳಿ ನೆಟ್ಟರೆ ಬೇಲಿಗೆ ಸಾಲ ಎತ್ತಬೇಕಾಗಿಲ್ಲ, ನೀರೂ ಬೇಡ, ಹೂವೂ ಚೆಂದ ಅಂತ ಕೆಲವು ಸಂಘಗಳಲ್ಲಿ ಮಾತು ನಡೀತಾ ಇದೆ. ಸುಳ್ಳಲ್ಲ, ಹಳದಿ ಹೂ ಬಿಟ್ಟಾಗ ನೋಡೋಕೆ ಎರಡು ಕಣ್ಣು ಸಾಲದು. ಆದರೆ ನೆಡುವ ಮುಂಚೆ ಇದರ ಚರಿತ್ರೆ ಸ್ವಲ್ಪ ಕೇಳಿ.

ಇದು ಅಮೆರಿಕ ಖಂಡದ ಗಿಡ. ಇದರ ಮೇಲೆ ಬಿಳಿ ಹತ್ತಿಯ ಹಾಗೆ ಕೂರುವ ಒಂದು ಹುಳವನ್ನು ಹಿಸುಕಿದರೆ ಕೆಂಪು ಬಣ್ಣ ಬರುತ್ತದೆ. ಬಟ್ಟೆಗೆ ಆ ಬಣ್ಣ ಬೇಕೆಂದು ಕಂಪನಿ ಸರ್ಕಾರದ ಕಾಲದಲ್ಲಿ, 1795ರಲ್ಲಿ, ಬ್ರೆಜಿಲ್‌ನಿಂದ ಬಂಗಾಳಕ್ಕೆ ಹುಳ ತಂದರು. ಬಂದದ್ದು ಬೇರೆ ಜಾತಿ! ಒಳ್ಳೆಯ ಬಣ್ಣ ಸಿಗಲಿಲ್ಲ, ಗಿಡವನ್ನು ಮಾತ್ರ ತಿಂದು ಮುಗಿಸಿತು. ಇದನ್ನು ಕಂಡು 1836-38ರಲ್ಲಿ ಅದೇ ಹುಳವನ್ನು ದಕ್ಷಿಣ ಭಾರತಕ್ಕೂ ತಂದು ಬಿಟ್ಟರು. ಒಂದು ಜಾತಿಯ ಕಳ್ಳಿ ಹೋಯಿತು, ಇನ್ನೊಂದು ಜಾತಿ ಉಳಿದು ನೆಲ ತುಂಬಿತು. 1926ರಲ್ಲಿ ಶ್ರೀಲಂಕಾದಿಂದ ಬೇರೆ ಹುಳ ತಂದ ಮೇಲೆಯೇ ಅದು ಹತೋಟಿಗೆ ಬಂದದ್ದು.

ಆಸ್ಟ್ರೇಲಿಯಾದ ಕಥೆ ಇನ್ನೂ ದೊಡ್ಡದು. ಮೊದಲ ಕಳ್ಳಿ ಅಲ್ಲಿಗೆ ಹೋದದ್ದು 1788ರಲ್ಲಿ, ಅದೇ ಬಣ್ಣದ ಆಸೆಗೆ. ಆಮೇಲೆ ಬೇಲಿಗೆ, ಅಂಗಳದ ಅಂದಕ್ಕೆ ಬೇರೆ ಜಾತಿಗಳೂ ಬಂದವು. 1925ರ ಹೊತ್ತಿಗೆ ಸುಮಾರು 6 ಕೋಟಿ ಎಕರೆ ಕಳ್ಳಿಯ ಪಾಲು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ರೈತರು ಮನೆಮಠ ಬಿಟ್ಟು ಹೊರಟರು. ಕೊನೆಗೆ ಅರ್ಜೆಂಟೀನಾದ ಒಂದು ಪತಂಗದ ಹುಳು ಅವರನ್ನು ಕಾಪಾಡಿತು. ಬೂನಾರ್ಗಾ ಎಂಬ ಊರಿನವರು 1936ರಲ್ಲಿ ತಮ್ಮ ಸಭಾಭವನಕ್ಕೆ ಆ ಹುಳುವಿನ ಹೆಸರನ್ನೇ ಇಟ್ಟರು ಅಂದರೆ ಯೋಚನೆ ಮಾಡಿ!

ಇಷ್ಟು ಹೇಗೆ ಹಬ್ಬುತ್ತೆ? ಕಿತ್ತು ಬಿಸಾಕಿದ ಒಂದು ತುಂಡು ಮಣ್ಣು ಮುಟ್ಟಿದರೆ ಸಾಕು, ಬೇರು ಬಿಡುತ್ತೆ. ಹಣ್ಣು ತಿಂದ ಹಕ್ಕಿ ಬೀಜವನ್ನು ದೂರ ಒಯ್ಯುತ್ತೆ. ಸಂಘದ ಸಾಲದಲ್ಲಿ ಆಡು ತಂದವರು ನಮ್ಮಲ್ಲೇ ಎಷ್ಟು ಜನ! ಅವು ಮೇಯೋದು ಗೋಮಾಳದಲ್ಲಿ. ಅಲ್ಲಿ ಕಳ್ಳಿ ಸೇರಿದರೆ ಹುಲ್ಲು ಹೋಯ್ತು. ಮುಳ್ಳು ಚುಚ್ಚಿ ಬಾಯಿ ಹುಣ್ಣಾದ ಆಡು ಮೇವು ಬಿಟ್ಟರೆ ಕಂತು ಕಟ್ಟೋರು ಯಾರು?

ಹಾಗಾಗಿ ಬೇಲಿಗೆ ಇದು ಬೇಡ ಅಂತಲೇ ನಾವು ಹೇಳ್ತೀವಿ. ನುಗ್ಗೆ, ಗ್ಲಿರಿಸಿಡಿಯಾ ಕೊಂಬೆ ನೆಡಿ. ಮೊದಲ ವರ್ಷ ಆಡಿನಿಂದ ಕಾಯಬೇಕು, ಆ ಕಷ್ಟ ಇದ್ದೇ ಇದೆ. ಆಸೆಯಿದ್ದವರು ಕಳ್ಳಿಯನ್ನು ಕುಂಡದಲ್ಲಿ ಇಟ್ಟುಕೊಳ್ಳಿ, ಹಣ್ಣಾಗುವ ಮುಂಚೆ ಕಾಯಿ ತೆಗೀರಿ. ಕತ್ತರಿಸಿದ ತುಂಡನ್ನು ಇಕ್ಕಳದಲ್ಲೇ ಹಿಡೀರಿ, ಕೂದಲಿನಂಥ ಸಣ್ಣ ಮುಳ್ಳು ಕೈಗೆ ಹತ್ತಿದರೆ ಬೇಗ ಬಿಡಲ್ಲ. ತಿಪ್ಪೆಗೆ, ರಸ್ತೆ ಬದಿಗೆ ಎಸೀಬೇಡಿ. ಆಳವಾಗಿ ಗುಂಡಿ ತೋಡಿ ಹೂತುಬಿಡಿ.