ಸೋತ ಕಂಪನಿಯ ಹಿಂದೆ ನಿಂತವರು

ದಾವೆಯಲ್ಲಿ ಸೋತವರು ಗೆದ್ದವರ ಖರ್ಚನ್ನೂ ತೆರಬೇಕು. ಇಂಗ್ಲೆಂಡಿನ ಕೋರ್ಟುಗಳಲ್ಲಿ ಇದು ಹಳೆಯ ಪದ್ಧತಿ. ಸೋತದ್ದು ಕಂಪನಿಯಾಗಿ, ಅದರ ಬೊಕ್ಕಸ ಬರಿದಾಗಿದ್ದರೆ? ಒಡೆಯನ ಮನೆಬಾಗಿಲು ತಟ್ಟುವಂತಿಲ್ಲ. ಕಂಪನಿ ಬೇರೆ, ಅದನ್ನು ಕಟ್ಟಿದವನು ಬೇರೆ ಎಂದು 1896ರ ಸಾಲೊಮನ್ ತೀರ್ಪು ಹೇಳಿಬಿಟ್ಟಿದೆ. ಗೆದ್ದವನಿಗೆ ಉಳಿಯುವುದು ಆದೇಶದ ಪ್ರತಿಯಷ್ಟೆ.

ಇದಕ್ಕೆ ಮದ್ದು ಆ ತೀರ್ಪಿಗೂ ಮುಂಚೆಯೇ ಶಾಸನದಲ್ಲಿತ್ತು. ಖರ್ಚನ್ನು ಯಾರು, ಎಷ್ಟು ಕೊಡಬೇಕೆಂದು ನಿರ್ಧರಿಸುವ ಪೂರ್ಣ ಅಧಿಕಾರವನ್ನು 1890ರ ಕಾಯ್ದೆಯೇ ಕೋರ್ಟಿಗೆ ಕೊಟ್ಟಿತ್ತು. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮಿನಲ್ಲೂ ಅದೇ ಧಾಟಿಯ ಮಾತಿದೆ. ಆದರೆ ಇಂಗ್ಲೆಂಡಿನ ನ್ಯಾಯಾಧೀಶರು ದಶಕಗಟ್ಟಲೆ ತಮ್ಮ ಆ ಅಧಿಕಾರವನ್ನು ಕಕ್ಷಿದಾರರಿಗಷ್ಟೇ ಸೀಮಿತವೆಂದು ಓದಿಕೊಂಡರು. ಕಾಯ್ದೆಯಲ್ಲಿ ಇಲ್ಲದ ಬೇಲಿಯನ್ನು ಅವರೇ ಹಾಕಿಕೊಂಡದ್ದು!

1986ರಲ್ಲಿ ಹಡಗಿನ ಬಾಡಿಗೆಯ ಜಗಳವೊಂದು, ಐಡನ್ ಶಿಪ್ಪಿಂಗ್ ಪ್ರಕರಣ, ಅಲ್ಲಿನ ಅಂದಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ ತಲುಪಿತು. ಅಂಥ ಮಿತಿ ಇಲ್ಲವೇ ಇಲ್ಲ ಎಂದರು ಲಾರ್ಡ್ ಗಾಫ್. ದಾರಿ ತೆರೆಯಿತು, ನಿರ್ದೇಶಕರಿಗೆ ನಡುಕ ಹುಟ್ಟಿತು. 1991ರ ಟೇಲರ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಅವರಿಗೆ ತುಸು ಧೈರ್ಯ ಹೇಳಿತು: ಒಬ್ಬನೇ ನಡೆಸುವ ಕಂಪನಿಯಾದರೂ, ಅದರ ಪರವಾಗಿ ದಾವೆ ನಡೆಸಿದ ಮಾತ್ರಕ್ಕೆ ನಿರ್ದೇಶಕ ಸ್ವಂತ ಜೇಬಿನಿಂದ ಕೊಡಬೇಕಿಲ್ಲ.

ಹಾಗಾದರೆ ಕೊಡಬೇಕಾದವರು ಯಾರು? ನ್ಯೂಜಿಲೆಂಡಿನ ಡಿಮಾಕ್ಸ್ ಪುಸ್ತಕದಂಗಡಿಗಳ ಫ್ರಾಂಚೈಸಿ ಜಗಳದಲ್ಲಿ ಇದಕ್ಕೆ ಸ್ಪಷ್ಟ ಉತ್ತರ ಸಿಕ್ಕಿತು. ಸೋತವರ ದಾವೆಗೆ ಹಣ ಹಾಕಿದ್ದು ಒಂದು ಹಣಕಾಸು ಕಂಪನಿ. ಅದು ಕಕ್ಷಿದಾರನಲ್ಲ. 2004ರಲ್ಲಿ ಆ ಮೇಲ್ಮನವಿಯನ್ನು ಆಲಿಸಿದ ಲಂಡನ್ನಿನ ಪ್ರಿವಿ ಕೌನ್ಸಿಲ್ ಖರ್ಚನ್ನು ಅದರ ಮೇಲೇ ಹೊರಿಸಿತು. ನೆರವಿಗೆಂದು, ಲಾಭ ಬಯಸದೆ ಹಣ ಕೊಟ್ಟವರನ್ನು ಸಾಮಾನ್ಯವಾಗಿ ಬಿಡಬಹುದು. ದಾವೆಯ ಲಗಾಮು ಹಿಡಿದು ಅದರ ಫಲವನ್ನೂ ಉಣ್ಣಲು ಹೊರಟವನೇ ನಿಜವಾದ ಕಕ್ಷಿದಾರ ಎಂಬುದು ಅದರ ತರ್ಕ. ಸಾಲೊಮನ್ ಗೋಡೆಯನ್ನು ಯಾರೂ ಕೆಡವಲಿಲ್ಲ, ಪಕ್ಕದ ಬಾಗಿಲಿನಿಂದ ಒಳಹೋದರು. ನನಗಿದು ನ್ಯಾಯವಾಗಿಯೇ ಕಾಣುತ್ತದೆ.

ಆದರೂ ಆ ಬಾಗಿಲು ಕಿರಿದು. 2021ರ ಗೊಕ್ನುರ್ ಪ್ರಕರಣದಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ನಿರ್ದೇಶಕರ ಬಗ್ಗೆ ಅಳತೆಗೋಲನ್ನು ಸ್ಪಷ್ಟಪಡಿಸಿತು. ಕಂಪನಿಗಲ್ಲ, ತನ್ನ ಸ್ವಂತ ಲಾಭಕ್ಕಾಗಿ ದಾವೆ ನಡೆಸಿದನೇ ಎಂದು ನೋಡಬೇಕು. ಅದಿಲ್ಲದಿದ್ದರೆ ಸಾಮಾನ್ಯವಾಗಿ ಕೆಟ್ಟ ಉದ್ದೇಶವೋ ಅನುಚಿತ ವರ್ತನೆಯೋ ಕಾಣಬೇಕು. ಆ ಪ್ರಕರಣದ ನಿರ್ದೇಶಕ ಕಂಪನಿಯಲ್ಲಿ ಷೇರು ಇಟ್ಟುಕೊಂಡಿದ್ದರೂ, ಎದುರಾಳಿಗೆ ಅವನಿಂದ ಖರ್ಚು ದಕ್ಕಲಿಲ್ಲ.