ಹಣ್ಣಿನ ರಸ ಹೀರುವ ಪತಂಗ: ಹುಟ್ಟುವುದು ಬೇಲಿಯಲ್ಲಿ, ಹಾನಿ ತೋಟದಲ್ಲಿ



ಮಳೆಗಾಲದ ಕೊನೆಯ ಭಾಗದಲ್ಲಿ ದಾಳಿಂಬೆ, ಕಿತ್ತಳೆ, ಮೋಸಂಬಿ ತೋಟಗಳಲ್ಲಿ ಬಲಿತ ಹಣ್ಣುಗಳು ಕೊಳೆತು ಉದುರುವುದುಂಟು. ಇಂಥ ಹಣ್ಣಿನ ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂಥ ರಂಧ್ರವಿದ್ದು, ಹಿಂಡಿದರೆ ರಸ ಒಸರುತ್ತದೆ. ಹಣ್ಣುನೊಣ ಅಥವಾ ಕಾಯಿಕೊರಕದ ಬಾಧೆಯಾದರೆ ಒಳಗೆ ಹುಳು ಸಿಗುತ್ತದೆ. ಹುಳುವಿಲ್ಲದೆ ರಂಧ್ರ ಮಾತ್ರ ಇದ್ದರೆ ರಸ ಹೀರುವ ಪತಂಗಕ್ಕಾಗಿ ರಾತ್ರಿ ತೋಟದಲ್ಲಿ ಹುಡುಕಬೇಕು.

ಇವುಗಳಲ್ಲಿ ಯೂಡೋಸಿಮಾ ಮೆಟರ್ನಾ ಎಂಬುದು ಮುಖ್ಯವಾದ ಜಾತಿ. ರೆಕ್ಕೆ ಬಿಚ್ಚಿದಾಗ ಸುಮಾರು 8 ಸೆಂ.ಮೀ. ಅಗಲವಿರುತ್ತದೆ. ಮುಂದಿನ ರೆಕ್ಕೆಗಳು ಒಣ ಎಲೆಯಂತಿದ್ದು, ಹಿಂದಿನ ರೆಕ್ಕೆಗಳು ಕಿತ್ತಳೆ ಬಣ್ಣದ ಮೇಲೆ ಕಪ್ಪು ಗುರುತು ಹೊಂದಿರುತ್ತವೆ. ಸಾಮಾನ್ಯ ಪತಂಗಗಳ ಸೊಂಡಿಲು ಹೂವಿನ ಮಕರಂದ ಹೀರಲಷ್ಟೇ ಸಾಕು. ಇದರ ಸೊಂಡಿಲಾದರೋ ಗಟ್ಟಿಯಾಗಿದ್ದು, ತುದಿಯಲ್ಲಿ ಮುಳ್ಳುಗಳಿರುವುದರಿಂದ ಸಿಪ್ಪೆಯನ್ನೇ ಕೊರೆಯಬಲ್ಲದು. ಕುಡಿಯುವ ರಸ ಸ್ವಲ್ಪವೇ. ಆದರೆ ಆ ರಂಧ್ರದ ಮೂಲಕ ಶಿಲೀಂಧ್ರ ಮತ್ತು ದುಂಡಾಣುಗಳು ಒಳಹೊಕ್ಕು ಇಡೀ ಹಣ್ಣು ಕೊಳೆಯುತ್ತದೆ.

ಗಮನಿಸಬೇಕಾದ ಅಂಶವೆಂದರೆ, ಇದರ ಮರಿಹುಳು ಹಣ್ಣಿನ ಗಿಡದ ಮೇಲೆ ಬೆಳೆಯುವುದಿಲ್ಲ. ತಾಯಿ ಪತಂಗ ಬೇಲಿ, ಕುರುಚಲು ಕಾಡುಗಳಲ್ಲಿನ ಅಮೃತಬಳ್ಳಿ, ದಾಗಡಿ ಬಳ್ಳಿಗಳ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳುವಿನ ಮೈಮೇಲೆ ಕಣ್ಣಿನಂಥ ಮಚ್ಚೆಗಳಿವೆ. ಮುಟ್ಟಿದರೆ ತಲೆ ಬಗ್ಗಿಸಿ ಹಿಂಭಾಗವನ್ನು ಮೇಲೆತ್ತುತ್ತದೆ. ಬಲಿತ ಮೇಲೆ ಎಲೆಗಳನ್ನು ನೂಲಿನಿಂದ ಹೆಣೆದು ಅದರೊಳಗೆ ಕೋಶವಾಗುತ್ತದೆ. ಮೊಟ್ಟೆಯಿಂದ ಪತಂಗವಾಗಲು ಸುಮಾರು ಒಂದು ತಿಂಗಳು ಬೇಕು.

ಆದ್ದರಿಂದ ಹಗಲು ಹೊತ್ತು ತೋಟಕ್ಕೆ ಕೀಟನಾಶಕ ಸಿಂಪಡಿಸಿದರೆ ಹೆಚ್ಚಿನ ಪ್ರಯೋಜನವಿಲ್ಲ. ಪತಂಗ ಹೊರಗಿನಿಂದ ರಾತ್ರಿ ಬಂದು ಹೋಗುತ್ತದೆ. ಮೇಲಾಗಿ ಕೊಯ್ಲಿನ ವೇಳೆಯ ಸಿಂಪರಣೆಯಿಂದ ಹಣ್ಣಿನಲ್ಲಿ ವಿಷದ ಅಂಶ ಉಳಿಯುತ್ತದೆ.

ಹತೋಟಿಗೆ ಈ ಕ್ರಮಗಳನ್ನು ಅನುಸರಿಸಬೇಕು:

1. ದಾಳಿಂಬೆಯಂಥ ಹಣ್ಣುಗಳಿಗೆ ಬಲಿಯುವ ಮೊದಲೇ ಕಾಗದದ ಅಥವಾ ಬಟ್ಟೆಯ ಚೀಲ ಕಟ್ಟಬೇಕು.

2. ಕತ್ತಲಾದ ಮೇಲೆ ಬ್ಯಾಟರಿ ದೀಪ ಹಿಡಿದು ತೋಟ ಸುತ್ತಬೇಕು. ಬೆಳಕಿಗೆ ಪತಂಗದ ಕಣ್ಣುಗಳು ಹೊಳೆಯುತ್ತವೆ. ಕೈಬಲೆಯಿಂದ ಹಿಡಿದು ಕೊಲ್ಲಬೇಕು.

3. ಉದುರಿದ ಹಣ್ಣುಗಳ ವಾಸನೆ ಪತಂಗಗಳನ್ನು ಸೆಳೆಯುತ್ತದೆ. ಅವನ್ನು ದಿನವೂ ಆರಿಸಿ ಆಳವಾಗಿ ಹೂಳಬೇಕು.

4. ತೋಟದ ಬೇಲಿಯಲ್ಲಿನ ಈ ಬಳ್ಳಿಗಳನ್ನು ತೆಗೆಯಬೇಕು. ಔಷಧಿಗೆಂದು ಬೆಳೆಸಿದ ಅಮೃತಬಳ್ಳಿಯನ್ನು ಕೀಳಬೇಕಾಗಿಲ್ಲ, ಮರಿಹುಳುಗಳನ್ನು ಆರಿಸಿ ಸೋಪಿನ ನೀರಿಗೆ ಹಾಕಿದರೆ ಸಾಕು.

ಈ ಪತಂಗ ದೂರದಿಂದಲೂ ಹಾರಿ ಬರಬಲ್ಲದು. ಒಬ್ಬರ ಬೇಲಿಯಲ್ಲಿ ಹುಟ್ಟಿದ್ದು ಇನ್ನೊಬ್ಬರ ಹಣ್ಣನ್ನು ಕೆಡಿಸುತ್ತದೆ. ಅಕ್ಕಪಕ್ಕದ ತೋಟದವರೆಲ್ಲ ಕೂಡಿ ಏಕಕಾಲಕ್ಕೆ ಈ ಕ್ರಮಗಳನ್ನು ಕೈಗೊಂಡರೆ ಮಾತ್ರ ಪೂರ್ಣ ಫಲ ದೊರೆಯುತ್ತದೆ.