ಫಾಲ್ಗುಣದ ಸಹ್ಯಾದ್ರಿ
(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಮುಂಬಯಿಯ ಜನ ಬೆಟ್ಟಕ್ಕೆ ಹೋಗುವುದು ಮಳೆಗಾಲದಲ್ಲಿ. ಜಲಪಾತ, ಮಂಜು, ಬಿಸಿ ಬಜ್ಜಿ, ಇಷ್ಟು ಮುಗಿದರೆ ಸಹ್ಯಾದ್ರಿಯೂ ಮುಗಿಯಿತೆಂದು ಅವರ ಎಣಿಕೆ. ಬ್ಯಾಂಕಿನ ಎರಡನೆಯ ಶನಿವಾರದ ರಜೆಯನ್ನೇ ನಂಬಿಕೊಂಡ ನಾವು ಕೆಲವು ಕುಟುಂಬದವರು ಮಾತ್ರ ಶಿವರಾತ್ರಿಯ ಜನಸಂದಣಿ ಕರಗಿದ ಮೇಲೆ, ಫಾಲ್ಗುಣದಲ್ಲಿ, ಭೀಮಾಶಂಕರವನ್ನು ಹತ್ತುವ ರೂಢಿಯಿಟ್ಟುಕೊಂಡಿದ್ದೇವೆ. ಕರ್ಜತಿನವರೆಗೆ ಲೋಕಲ್ ಗಾಡಿ, ಅಲ್ಲಿಂದ ಖಾಂಡಸ್ ಎಂಬ ಹಳ್ಳಿಗೆ ಜೀಪು. ಕಬ್ಬಿಣದ ಏಣಿಗಳಿರುವ ಶಿಡಿ ಘಾಟು ಮಕ್ಕಳು ಮುದುಕರಿಗೆ ತಕ್ಕುದಲ್ಲ. ಗಣೇಶ ಘಾಟಿನ ಸುತ್ತುದಾರಿಯೇ ಲೇಸು.

ಕೆಳಗಿನ ಇಳಿಜಾರಿನಲ್ಲಿ ಅನೇಕ ಮರಗಳಿಗೆ ಎಲೆಯೇ ಇರುವುದಿಲ್ಲ. ಬರಿಯ ಕೊಂಬೆಗಳ ತುಂಬ ಮುತ್ತುಗದ ಕೇಸರಿ ಹೂ, ಬೂರುಗದ ದಪ್ಪ ಕೆಂಪು ಹೂ, ಹಾಲುವಾಣದ ಗೊಂಚಲು. ಇವಕ್ಕೆ ಹೇಳಿಕೊಳ್ಳುವಂಥ ಪರಿಮಳವಿಲ್ಲ. ಇವು ಬಣ್ಣದಿಂದ ಹಕ್ಕಿಗಳನ್ನು ಕರೆಯುತ್ತವೆ; ಎಲೆಯ ಮರೆಯಿಲ್ಲದ್ದರಿಂದ ದೂರದ ಹಕ್ಕಿಗೂ ಕಾಣುತ್ತವೆ. ಸೂರಕ್ಕಿ, ಗೊರವಂಕ, ಕಾಜಾಣಗಳು ಮಕರಂದಕ್ಕೆ ಜಗಳವಾಡಿ, ಮುಖಕ್ಕೆ ಪರಾಗ ಬಳಿದುಕೊಂಡು ಮುಂದಿನ ಮರಕ್ಕೆ ಹಾರುವುದನ್ನು ಎಷ್ಟು ಹೊತ್ತು ನೋಡಿದರೂ ಬೇಸರವಾಗದು. ಪರಿಮಳವೇ ಬೇಕೆನ್ನುವವರು ಕವಳೆಯ ಮುಳ್ಳುಪೊದೆಯ ಬಿಳಿ ಹೂವಿನ ಬಳಿ ನಿಲ್ಲಬೇಕು.

ನಮ್ಮ ಮಕ್ಕಳು ಶಾಲೆಯಲ್ಲಿ ಕಲಿತಂತೆ ಪಳಸ, ಸಾವರ, ಪಾಂಗಾರಾ ಎಂದರು. ಸರಿಯೇ. ಜೊತೆಗಿದ್ದ ಉಡುಪಿ ಕಡೆಯ ಅಜ್ಜಿಯೊಬ್ಬರು ಮೊಮ್ಮಗಳಿಗೆ, "ಇದು ನಮ್ಮ ಪೊಂಗಾರೆಯಲ್ಲವಾ ಮಗಾ, ಮೆಣಸಿನ ಬಳ್ಳಿ ಹಬ್ಬಿಸುವ ಮರ!" ಎಂದರು. ವಿಜಯಪುರದ ಹಿರಿಯರೊಬ್ಬರು ಮುತ್ತುಗದೆಲೆಯ ಪತ್ರಾವಳಿಯಲ್ಲಿ ಉಂಡ ಮದುವೆಗಳನ್ನೆಲ್ಲ ಎಣಿಸಿದರು. ಹೂವನ್ನು ಮಾತ್ರ ಅಂದೇ ಮೊದಲು ಕಂಡರಂತೆ! ಇಂಥ ಹಿರಿಯರು ಮನೆಯಲ್ಲೇ ಕುಳಿತುಬಿಟ್ಟರೆ ಈ ಹೆಸರುಗಳು ಮಕ್ಕಳನ್ನು ಮುಟ್ಟುವ ಬೇರೆ ದಾರಿ ನಮಗೆ ತೋರದು.

ಸುಮಾರು 3,000 ಅಡಿ ಎತ್ತರದ ಮೇಲ್ಭಾಗದಲ್ಲಿ ಕಾಡು ಹಸಿರಾಗುತ್ತದೆ. 1985ರಲ್ಲಿ ಇದನ್ನು ಅಭಯಾರಣ್ಯವೆಂದು ಸಾರಿದ್ದು ಮುಖ್ಯವಾಗಿ ಕೆಂದಳಿಲಿಗಾಗಿ. ಮರಾಠಿಯಲ್ಲಿ ಶೇಕರೂ, ಮಹಾರಾಷ್ಟ್ರದ ರಾಜ್ಯಪ್ರಾಣಿ. ದಾಂಡೇಲಿಯ ಕಾಡಿನಲ್ಲಿ ಇರುವುದೂ ಇದೇ. ಎರಡು ಕಿಲೋ ತೂಗುವ ಈ ಪ್ರಾಣಿ ಇಪ್ಪತ್ತು ಅಡಿ ನೆಗೆಯಬಲ್ಲದು, ನೆಲಕ್ಕಿಳಿಯುವುದು ಅಪರೂಪ. ಕಡ್ಡಿ ಎಲೆಗಳ ದುಂಡು ಗೂಡುಗಳನ್ನು ಒಂದಲ್ಲ, ಹಲವು ಕಟ್ಟುತ್ತದೆ. ದಾರಿ ಅಗಲಮಾಡಲು ನಾಲ್ಕು ಮರ ಕಡಿದರೆ ನಮಗೆ ಬಿಸಿಲು ಹೆಚ್ಚಾಗುವುದಷ್ಟೆ. ಅದಕ್ಕೆ ಊರಿನ ಸೇತುವೆಯೇ ಮುರಿದಂತೆ. ಒಣಹುಲ್ಲಿನ ಈ ಕಾಲದಲ್ಲಿ ಬೀಡಿಯ ತುಂಡೊಂದು ಮಾಡುವ ಅನರ್ಥವಂತೂ ಇನ್ನೂ ದೊಡ್ಡದು.

ಗಾಣಗಾಪುರದಲ್ಲಿ ನಾವು ಮುಳುಗು ಹಾಕುವ ಭೀಮೆ ಹುಟ್ಟುವುದೂ ಇಲ್ಲಿಯೇ. ಫಾಲ್ಗುಣದಲ್ಲಿ ಅವಳು ಬಲು ತೆಳುವು. ದಾರಿಯ ಝರಿಗಳೂ ಬತ್ತಿರುತ್ತವೆ.

ಮುಂದಿನ ಬಾರಿ ಬರುವವರು ತಲೆಗೆ ಮೂರು ಲೀಟರ್ ನೀರು ತರಬೇಕು, ಬೆಳಗಿನ ಮೊದಲ ಗಾಡಿಯನ್ನೇ ಹಿಡಿಯಬೇಕು; ಮನೆಗೊಬ್ಬರಾದರೂ ಅಜ್ಜ ಅಜ್ಜಿಯರನ್ನು ಕರೆತರಬೇಕು. ಹತ್ತಲಾಗದವರಿಗೆ ಖಾಂಡಸಿನ ಮುತ್ತುಗದ ಮರಗಳವರೆಗೆ ಬಂದರೂ ಸಾಕು, ಅಲ್ಲಿಗೆ ಜೀಪು ಹೋಗುತ್ತದೆ.